ಹಾಗರಳಿಗೆ ‘ಹಿಂದಿರುಗಿ ಹೋಗು’ ಅಂದ ವಚನವನ್ನು ಹೊರದೇಶದಲ್ಲಿ ಮನೆಕೆಲಸ ಮಾಡುವವರ ಮುಂದೆ ಹೇಗೆ ಓದುವುದು?

ವಚನ ಓದುಗಿ (ಪ್ರಶ್ನೆ)

ನಮ್ಮ ಸಭೆಯ ಮಹಿಳೆಯರ ಬೈಬಲ್ ಓದಿನ ಗುಂಪನ್ನು ನಾನು ನಡೆಸುತ್ತೇನೆ. ಮುಂದೆ ಬರುತ್ತಿರುವುದು ಆದಿಕಾಂಡ 16ನೇ ಅಧ್ಯಾಯ, ಹಾಗರಳ ಕಥೆ. ಮಕ್ಕಳಿಲ್ಲದ ಸಾರಯಳು ತನ್ನ ಐಗುಪ್ತದ ದಾಸಿ ಹಾಗರಳನ್ನು ಗಂಡ ಅಬ್ರಾಮನಿಗೆ ಕೊಡುತ್ತಾಳೆ, ಬಸುರಾದ ಹಾಗರ್ ಯಜಮಾನಿಯ ಬಾಧೆ ತಾಳದೆ ಓಡಿಹೋಗುತ್ತಾಳೆ. ಇದನ್ನು ಅಬ್ರಾಮನ ಅವಸರದ ಕಥೆ ಅಂತಲೇ ಕೇಳಿ ಬೆಳೆದವರು ನಾವು. ದೇವರ ವಾಗ್ದಾನಕ್ಕೆ ಕಾಯದೆ ತಾನೇ ದಾರಿ ಹುಡುಕಿದ, ಮನೆಯಲ್ಲಿ ಜಗಳ ಬಂತು, ಅಲ್ಲಿಗೆ ಪ್ರಸಂಗ ಮುಗಿಯುತ್ತಿತ್ತು. ಹಾಗರ್ ಆ ಪ್ರಸಂಗಗಳಲ್ಲಿ ಬರೀ ಒಂದು ತೊಂದರೆ. ಅವಳೂ ಒಬ್ಬ ಮನುಷ್ಯಳು, ಪರದೇಶದಿಂದ ಬಂದು ಬೇರೆಯವರ ಮನೆಯಲ್ಲಿ ದುಡಿಯುತ್ತಿದ್ದವಳು ಅನ್ನುವುದು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಈ ಸಲ ಹಾಗೆ ಓದಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಗುಂಪಿನ ಅಕ್ಕ ಒಬ್ಬರ ತಂಗಿ ಕೊಲ್ಲಿ ದೇಶದ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ಪಾಸ್‌ಪೋರ್ಟ್ ಮನೆಯವರ ಕೈಯಲ್ಲಿದೆ. ವಾರದ ರಜೆ ಇಲ್ಲ. ಸಂಬಳ ಬಾಕಿ ಇದೆ. ಕೈ ಕೂಡ ಮಾಡಿದ್ದಾರಂತೆ. ಬಿಟ್ಟು ಬರುತ್ತೇನೆ ಅಂತ ಅವಳು ಫೋನಲ್ಲಿ ಅತ್ತಾಗ, ಅವರ ಮನೆಯ ಹಿರಿಯರೊಬ್ಬರು 9ನೇ ವಚನವನ್ನೇ ಓದಿ ಹೇಳಿದರಂತೆ. ನಿನ್ನ ಯಜಮಾನಿಯ ಬಳಿಗೆ ಹಿಂದಿರುಗಿ ಹೋಗು, ಅವಳಿಗೆ ತಗ್ಗಿ ನಡೆದುಕೋ. ದೇವದೂತನೇ ಹೇಳಿದ ಮಾತಿದು, ಸಹಿಸಿಕೋ, ಆಮೇಲೆ ಆಶೀರ್ವಾದ ಇದೆ ಅಂತ. ಆ ಅಕ್ಕ ನನ್ನ ಹತ್ತಿರ ಬಂದು, “ಇದು ನಿಜವಾ?” ಅಂತ ಕೇಳಿದರು.

ಆ ವಚನ ಅಲ್ಲಿರುವುದು ನಿಜ. ಅದನ್ನು ಬಿಟ್ಟು ಓದುವುದು ನನಗಿಷ್ಟವಿಲ್ಲ. “ಅದು ಆ ಕಾಲದ ಮಾತು” ಅಂತ ತಳ್ಳಿಹಾಕುವುದೂ ಸರಿ ಕಾಣುತ್ತಿಲ್ಲ. ವಚನವನ್ನು ಉಳಿಸಿಕೊಂಡು, ಆ ತಂಗಿಯ ಪರವಾಗಿಯೂ ಓದುವ ದಾರಿ ಇದೆಯಾ?

ಇನ್ನೊಂದು. ವಲಸೆ ಅಂದ ತಕ್ಷಣ ಎಲ್ಲರೂ ರೂತಳ ಕಥೆ ತೆಗೆಯುತ್ತಾರೆ. ಚೆಂದದ ಕಥೆ. ಆದರೆ ರೂತಳು ಬೇತ್ಲೆಹೇಮಿಗೆ ಬಂದದ್ದು ಅತ್ತೆಯ ಜೊತೆ. ಅಲ್ಲಿ ಮದುವೆಯಾದಳು, ಅಲ್ಲಿಯವಳೇ ಆದಳು. ಕಾಂಟ್ರ್ಯಾಕ್ಟ್ ವೀಸಾದಲ್ಲಿ ಹೋದವಳಿಗೆ ಆ ಕೊನೆ ಎಲ್ಲಿದೆ? ಎಷ್ಟು ವರ್ಷ ದುಡಿದರೂ ವೀಸಾ ಮುಗಿದ ದಿನ ಹೊರಡಬೇಕು. ಅದಕ್ಕೇ ನನಗೆ ಹಾಗರಳನ್ನೇ ಓದಬೇಕು ಅನ್ನಿಸಿದೆ. ತಿಳಿದವರು ಹೇಳಿ.

ಮಣ್ಣಿನ ಹಣತೆ

ಸಿಸ್ಟರ್, 9ನೇ ವಚನದಲ್ಲೇ ನಿಲ್ಲಬೇಡಿ. 13ಕ್ಕೆ ಬನ್ನಿ. ಹಾಗರಳು ದೇವರನ್ನು ‘ನನ್ನನ್ನು ನೋಡುವ ದೇವರು’ ಅಂತ ಕರೆಯುತ್ತಾಳೆ. ಬೈಬಲ್‌ನಲ್ಲಿ ದೇವರಿಗೆ ಹೆಸರಿಟ್ಟ ಮೊದಲ ವ್ಯಕ್ತಿ ಅವಳು. ಪಿತೃಗಳಲ್ಲ, ಪ್ರವಾದಿಗಳಲ್ಲ, ಒಬ್ಬ ದಾಸಿ. ಆ ತಂಗಿಗೆ ಇದನ್ನು ಹೇಳಿ. ಅವಳು ಮನೆಯವರಿಗಾಗಿ ಮಾಡುತ್ತಿರುವ ತ್ಯಾಗವನ್ನು ದೇವರು ಕಂಡಿದ್ದಾನೆ. ಕ್ರಿಸ್ತನೂ ದಾಸನ ರೂಪ ತಾಳಿದವನು ಅಲ್ವಾ? ಅವಳ ಕಷ್ಟ ಆತನ ಶಿಲುಬೆಗೆ ಹತ್ತಿರದ್ದು. ನಾನು ಅವಳಿಗಾಗಿ ಪ್ರಾರ್ಥಿಸುತ್ತೇನೆ.

ಮರಳಿ ಬಂದವಳು

ಅಕ್ಕ, ನಾನು ಹಲವು ವರ್ಷ ಕೊಲ್ಲಿಯಲ್ಲಿ ಮನೆಕೆಲಸ ಮಾಡಿ ಬಂದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಅಲ್ಲಿ ನಮ್ಮಂಥವರನ್ನು ಖದ್ದಾಮಾ ಅಂತಾರೆ. ಮನೆಯೊಡತಿಯನ್ನು ನಾವು ಮಾಮಾ, ಅಂದರೆ ಅಮ್ಮ, ಅನ್ನಬೇಕು, ಯಜಮಾನನನ್ನು ಬಾಬಾ. ನನಗಿಂತ ಮುಂಚೆ ಆ ಮನೆಯಲ್ಲಿದ್ದವಳ ಹೆಸರು ಮಕ್ಕಳಿಗೆ ರೂಢಿಯಾಗಿತ್ತು. ನನ್ನನ್ನೂ ಅದೇ ಹೆಸರಿನಿಂದ ಕರೆದರು. ಮೊದಮೊದಲು ತಿದ್ದಿದೆ. ಆಮೇಲೆ ಓಗೊಡಲು ಕಲಿತೆ. ಹಾಗಾಗಿ 16ನೇ ಅಧ್ಯಾಯದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಇದು: ಸಾರಯಳು ಅವಳನ್ನು “ನನ್ನ ದಾಸಿ” ಅಂತಾಳೆ. ಅಬ್ರಾಮ “ನಿನ್ನ ದಾಸಿ ನಿನ್ನ ಕೈಯಲ್ಲಿದ್ದಾಳೆ, ಸರಿ ಕಂಡಂತೆ ಮಾಡು” ಅಂತಾನೆ. ಇಬ್ಬರ ಮಾತಲ್ಲೂ ಅವಳ ಹೆಸರಿಲ್ಲ. ಹಾಗರಳೇ ಅಂತ ಮೊದಲು ಕರೆದವನು ಬಾವಿಯ ಹತ್ತಿರ ಸಿಕ್ಕ ದೂತ.

ಅವನು ಎರಡು ಪ್ರಶ್ನೆ ಕೇಳುತ್ತಾನೆ. ಎಲ್ಲಿಂದ ಬಂದೆ? ಎಲ್ಲಿಗೆ ಹೋಗುತ್ತೀ? ಅವಳು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ, ಯಜಮಾನಿಯ ಬಳಿಯಿಂದ ಓಡಿಹೋಗುತ್ತಿದ್ದೇನೆ ಅಂತ. ಎಲ್ಲಿಗೆ ಅನ್ನುವುದಕ್ಕೆ ಉತ್ತರವೇ ಇಲ್ಲ. ಅವಳು ಕೂತಿದ್ದದ್ದು ಶೂರಿಗೆ ಹೋಗುವ ದಾರಿಯಲ್ಲಿ. ಅದು ಐಗುಪ್ತದ ಕಡೆಯ ದಾರಿ, ಅಂದರೆ ಅವಳ ತವರಿನ ದಾರಿ. ಹಾಗಿದ್ದೂ ‘ಊರಿಗೆ ಹೋಗುತ್ತೇನೆ’ ಅಂತ ಅವಳ ಬಾಯಲ್ಲಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಮ್ಮಂಥವರಿಗೆ ಯಾರೂ ವಿವರಿಸಬೇಕಾಗಿಲ್ಲ. ಏಜೆಂಟಿಗೆ ಕೊಡಲು ಮಾಡಿದ ಸಾಲ ಊರಲ್ಲಿ ಕಾಯುತ್ತಿರುತ್ತೆ. ಮಗನ ಓದು ಆ ಸಂಬಳದ ಮೇಲೆ ನಿಂತಿರುತ್ತೆ. ಬರಿಗೈಯಲ್ಲಿ ಬಂದವಳನ್ನು ನೋಡುವ ಮುಖಗಳು ಈಗಲೇ ಕಣ್ಣ ಮುಂದೆ ಬರುತ್ತವೆ.

ಮನೆಯಿಂದ ಹೊರಗೆ ಕಾಲಿಟ್ಟರೆ ಏನಾಗುತ್ತೆ ಅನ್ನುವುದೂ ನಿಮ್ಮ ಗುಂಪಿನವರಿಗೆ ಗೊತ್ತಿರಲಿ. ಕಫಾಲ ಪದ್ಧತಿಯಲ್ಲಿ ನಮ್ಮ ವೀಸಾ ಒಬ್ಬ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕನ, ಹೆಸರಿಗೆ ಕಟ್ಟಿರುತ್ತೆ. ಹೇಳದೆ ಹೊರಟರೆ ಓಡಿಹೋದಳು ಅಂತ ಅವನು ದೂರು ಕೊಡಬಹುದು. ಸೌದಿಯಲ್ಲಿ ಅದಕ್ಕೆ ಹುರೂಬ್ ಅಂತಾರೆ. ಹುರೂಬ್ ಬಿತ್ತು ಅಂದರೆ ಅಲ್ಲಿ ಇರುವ ಹಕ್ಕೇ ಹೋಗುತ್ತೆ. ಸಿಕ್ಕಿಬಿದ್ದರೆ ಹಿಡಿದಿಡುತ್ತಾರೆ, ಗಡೀಪಾರು ಮಾಡುತ್ತಾರೆ. ಸಂಬಳ ಕೊಡದವನ ಮೇಲೆ ನೀನು ದೂರು ಕೊಡುವ ಮೊದಲೇ ನೀನು ತಪ್ಪಿತಸ್ಥೆ.

ಅದಕ್ಕೆ 9ನೇ ವಚನವನ್ನು ನಾನು ಓದುವುದು ಹೀಗೆ. ದೂತ ಅವಳನ್ನು ವಾಪಸ್ ಕಳಿಸಿದ್ದು ಆ ಮನೆ ಒಳ್ಳೆಯದು ಅಂತ ಅಲ್ಲ. ಬಸುರಿ ಹೆಂಗಸು, ಒಬ್ಬಳೇ, ಸುತ್ತ ಮರಳುಗಾಡು. ಆ ಹೊತ್ತಿಗೆ ನೀರು, ಸೂರು, ಹೆರಿಗೆಗೆ ಒಂದು ಜಾಗ ಇದ್ದದ್ದು ಅಲ್ಲಿ ಮಾತ್ರ. ಬದುಕಿ ಉಳಿಯಲು ಹೇಳಿದ ಮಾತು ಅದು. ತಗ್ಗಿ ನಡೆಯುವುದೇ ಪುಣ್ಯ ಅಂತ ಹೇಳಿದ ಮಾತಲ್ಲ. ನಾನೂ ಒಂದು ರಾತ್ರಿ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೇನೆ. ಯಾರ ಮುಂದೆಯೂ ಅದನ್ನು ವಿಧೇಯತೆ ಅಂತ ಹೊಗಳಿಸಿಕೊಳ್ಳಲಾರೆ. ಬೇರೆ ದಾರಿ ಇರಲಿಲ್ಲ, ಅಷ್ಟೇ.

21ನೇ ಅಧ್ಯಾಯವನ್ನೂ ಜೊತೆಗೆ ಓದಿಸಿ. ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಅವಳನ್ನು ಮಗನ ಸಮೇತ ಹೊರಹಾಕುತ್ತಾರೆ. ಆಗಲೂ ದೂತನ ದನಿ ಕೇಳುತ್ತೆ, ಆಗಲೂ ಹೆಸರು ಹಿಡಿದು ಕರೆಯುತ್ತಾನೆ. ಆದರೆ ಈ ಸಲ ಹಿಂದಿರುಗು ಅನ್ನುವುದಿಲ್ಲ. ಏಳು, ಹುಡುಗನನ್ನು ಕೈಹಿಡಿದು ಎತ್ತು ಅಂತಾನೆ. ಬಾವಿ ಕಾಣಿಸುತ್ತೆ. ಆಮೇಲೆ ಅವಳು ಆ ಮನೆಯ ಕಡೆ ತಿರುಗುವುದೇ ಇಲ್ಲ. ಮಗನನ್ನು ಬೆಳೆಸಿ, ಐಗುಪ್ತದಿಂದಲೇ ಅವನಿಗೆ ಹೆಣ್ಣು ತರುತ್ತಾಳೆ. 9ನೇ ವಚನ ಓದಿ ಹೇಳಿದ ಆ ಹಿರಿಯರು ಇಲ್ಲಿಯವರೆಗೆ ಓದಿದ್ದಾರಾ?

ಮಣ್ಣಿನ ಹಣತೆ ಅವರೇ, ನಿಮ್ಮ ಮನಸ್ಸು ಒಳ್ಳೆಯದು, ಪ್ರಾರ್ಥನೆ ಬೇಕೇ ಬೇಕು. ಆದರೆ ತ್ಯಾಗ ಅನ್ನುವ ಮಾತು ನನ್ನನ್ನು ಬಹಳ ನೋಯಿಸಿದೆ. ನಾನು ಬಂದಾಗ ಸಭೆಯಲ್ಲಿ ಎದ್ದು ನಿಲ್ಲಿಸಿ ತ್ಯಾಗಮಯಿ ತಾಯಿ ಅಂದರು. ನನ್ನ ಮಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಬಾಲ್ಯವನ್ನು ನಾನು ನೋಡಿದ್ದು ಫೋನಿನ ಪರದೆಯಲ್ಲಿ. ಅದೇ ವರ್ಷಗಳಲ್ಲಿ ಬೇರೆಯವರ ಮಗುವಿಗೆ ಸ್ನಾನ ಮಾಡಿಸಿ, ಉಣಿಸಿ, ಜ್ವರ ಬಂದಾಗ ರಾತ್ರಿಯೆಲ್ಲ ಎತ್ತಿಕೊಂಡು ಓಡಾಡಿದ್ದೇನೆ. ಆ ಮಗುವಿನ ಮೇಲೂ ನನಗೆ ಪ್ರೀತಿ ಇತ್ತು, ಸುಳ್ಳು ಹೇಳಲಾರೆ. ವಿಮೋಚನಕಾಂಡ 2ರಲ್ಲಿ ಮೋಶೆಯ ತಾಯಿಗೆ ಫರೋಹನ ಮಗಳು ಸಂಬಳ ಕೊಟ್ಟು ಮಗುವನ್ನು ಸಾಕಲು ಹೇಳುತ್ತಾಳೆ, ಅದು ಆ ತಾಯಿಯ ಸ್ವಂತ ಮಗು. ಆ ಭಾಗ ಬಂದಾಗಲೆಲ್ಲ ನನಗೆ ಅಳು ಬರುತ್ತೆ. ದೇವರು ಅಲ್ಲಿ ಒಬ್ಬ ತಾಯಿಗೆ ಮಗುವನ್ನೂ ಕೂಲಿಯನ್ನೂ ಒಟ್ಟಿಗೆ ಕೊಟ್ಟ. ನಮಗೆ ಎರಡರಲ್ಲಿ ಒಂದು ಆರಿಸಿಕೋ ಅಂದದ್ದು ದೇವರಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ನಾನಿದ್ದ ಕಡೆ ಚರ್ಚ್‌ಗಳಲ್ಲಿ ಶುಕ್ರವಾರ ಆರಾಧನೆ ಇರುತ್ತಿತ್ತು, ಅವತ್ತು ವಾರದ ರಜೆ ಅಂತ. ನಾನು ಒಮ್ಮೆಯೂ ಹೋಗಲಿಲ್ಲ. ರಜೆ ಕೊಡಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದದ್ದು ಬಾತ್‌ರೂಮಿನಲ್ಲಿ, ಯಾಕೆಂದರೆ ಆ ಮನೆಯಲ್ಲಿ ನಾನು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಅದೊಂದೇ. ನಮ್ಮ ಬಗ್ಗೆ ದೇವತಾಶಾಸ್ತ್ರ ಬರೆಯುವವರು ಯಾರಾದರೂ ಇದ್ದರೆ ಅಲ್ಲಿಂದ ಶುರು ಮಾಡಲಿ.

ಝಮ್‌ಝಮ್ ದಾರಿ

ನಾನು ಮುಸ್ಲಿಂ. ಈ ಗುಂಪಿನಲ್ಲಿ ಜಾಸ್ತಿ ಬರೆಯುವುದಿಲ್ಲ, ಓದುತ್ತೇನೆ. ಮೇಲಿನ ಸಹೋದರಿಯ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ.

ಅವಳು ನಮಗೆ ಹಾಜರಾ. ನಮ್ಮ ಪರಂಪರೆಯಲ್ಲಿ ಅವಳು ಇಬ್ರಾಹೀಮರ ಪತ್ನಿ, ಇಸ್ಮಾಯೀಲರ ತಾಯಿ. ಹಸುಗೂಸಿಗೆ ನೀರು ಹುಡುಕುತ್ತ ಮಕ್ಕಾದ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ 7 ಸಲ ಓಡಾಡಿದಳು. ಝಮ್‌ಝಮ್ ಬುಗ್ಗೆ ಚಿಮ್ಮಿತು. ಇವತ್ತಿಗೂ ಹಜ್ ಮತ್ತು ಉಮ್ರಾ ಯಾತ್ರೆ ಮಾಡುವವರು ಆ ಎರಡು ಗುಡ್ಡಗಳ ನಡುವೆ 7 ಸಲ ನಡೆಯಲೇಬೇಕು. ಅದಕ್ಕೆ ಸಯೀ ಅಂತಾರೆ. ರಾಜನಾದರೂ ಅಷ್ಟೇ, ಕೂಲಿಯಾದರೂ ಅಷ್ಟೇ. ಮಗುವಿಗೆ ನೀರಿಲ್ಲದೆ ಓಡಿದ ಒಬ್ಬ ತಾಯಿಯ ಹೆಜ್ಜೆಯ ಮೇಲೆ ಹೆಜ್ಜೆ ಇಡಬೇಕು.

ಪ್ರವಾದಿಯವರ ಮಾತುಗಳ, ಅಂದರೆ ಹದೀಸ್‌ಗಳ, ಸಂಗ್ರಹಗಳಾದ ಬುಖಾರಿ, ಮುಸ್ಲಿಮ್ ಎರಡರಲ್ಲೂ ಒಂದು ಮಾತಿದೆ. ನಿಮ್ಮ ಕೈಕೆಳಗೆ ಇರುವವರು ನಿಮ್ಮ ಸಹೋದರರು. ನೀವು ಉಣ್ಣುವುದನ್ನೇ ಉಣಿಸಿ, ಉಡುವುದನ್ನೇ ಉಡಿಸಿ. ಶಕ್ತಿ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಹಚ್ಚಿ. ಬೆವರು ಆರುವ ಮೊದಲು ಕೂಲಿ ಕೊಡಿ ಅನ್ನುವ ಹದೀಸ್ ಇಬ್ನ್ ಮಾಜಾ ಸಂಗ್ರಹದಲ್ಲಿದೆ. ಸಹೋದರಿಯನ್ನು ಹಾಗೆ ನಡೆಸಿಕೊಂಡ ಮನೆಯವರು ಇದನ್ನೆಲ್ಲ ಕೇಳಿಯೇ ಇರುತ್ತಾರೆ. ನನಗೆ ಅದು ತುಂಬ ನೋವು ಕೊಡುತ್ತದೆ. ಕಫಾಲ ನಮ್ಮ ಧರ್ಮದ ಕಟ್ಟಳೆ ಅಲ್ಲ, ವೀಸಾದ ಕಟ್ಟಳೆ. ಅದನ್ನು ಬದಲಾಯಿಸಿದರೆ ದೀನಿಗೆ, ಅಂದರೆ ಧರ್ಮಕ್ಕೆ, ಕುಂದೇನೂ ಬರುವುದಿಲ್ಲ. ಬದಲಾವಣೆ ಆಗುತ್ತಲೂ ಇದೆ. ಕುವೈತ್ 2015ರಲ್ಲಿ, ಕತಾರ್ 2017ರಲ್ಲಿ ಮನೆಕೆಲಸದವರಿಗೆ ಪ್ರತ್ಯೇಕ ಕಾನೂನು ಮಾಡಿದವು, ಎರಡರಲ್ಲೂ ವಾರದ ರಜೆ ಇದೆ. ಆದರೆ ಮನೆಯ ಬಾಗಿಲು ಮುಚ್ಚಿದ ಮೇಲೆ ಕಾನೂನು ಒಳಗೆ ಬರುವುದು ಕಷ್ಟ. ಮಸೀದಿಯ ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಆ ಬಾಗಿಲೊಳಗೂ ಕೇಳುತ್ತದೆ. ಅದಕ್ಕೇ ಇದನ್ನು ಖುತ್ಬಾದಲ್ಲಿ ಹೇಳಬೇಕು ಅನ್ನುವವನು ನಾನು.

ಹಳೆ ಒಡಂಬಡಿಕೆ ವಿದ್ಯಾರ್ಥಿ

ಓದುಗಿ ಅಕ್ಕ, ಪಠ್ಯದ ಕಡೆಯಿಂದ ನನಗೆ ತಿಳಿದದ್ದನ್ನು ಹೇಳುತ್ತೇನೆ. ಮರಳಿ ಬಂದವಳು ಅವರು ಓದಿದ ರೀತಿಗೆ ಹತ್ತಿರದ ಓದೊಂದು ವಿದ್ವತ್ತಿನ ಲೋಕದಲ್ಲೂ ಇದೆ. ಅಮೆರಿಕದ ಕಪ್ಪು ಸಮುದಾಯದ ದೇವತಾಶಾಸ್ತ್ರಜ್ಞೆಯರು ಹಾಗರಳನ್ನು ತಮ್ಮವಳು ಅಂತ ಓದಿದರು. ಅವರ ಹಿಂದಿನ ತಲೆಮಾರುಗಳು ಬಿಳಿಯರ ಮನೆಗಳಲ್ಲಿ ದಾಸಿಯರಾಗಿ, ಆಮೇಲೆ ಮನೆಕೆಲಸದವರಾಗಿ ದುಡಿದಿದ್ದವು. ದೇವರು ಹಾಗರಳನ್ನು ಅಲ್ಲೇ ಬಿಡುಗಡೆ ಮಾಡಲಿಲ್ಲ, ಬದುಕುಳಿಯುವ ದಾರಿ ತೋರಿಸಿದ ಅನ್ನುವುದು ಅವರ ಮಾತು.

ಈ ಅಧ್ಯಾಯ ಎಲ್ಲಿ ಬರುತ್ತದೆ ಅನ್ನುವುದನ್ನೂ ನೋಡಿ. ಹಿಂದಿನ ಅಧ್ಯಾಯದಲ್ಲಿ, 15:13ರಲ್ಲಿ, ದೇವರು ಅಬ್ರಾಮನಿಗೆ ಹೇಳುತ್ತಾನೆ: ನಿನ್ನ ಸಂತಾನ ಪರದೇಶದಲ್ಲಿ ಪರದೇಶಿಗಳಾಗಿ ಇದ್ದು, ದಾಸರಾಗಿ, 400 ವರ್ಷ ಬಾಧೆ ಪಡುತ್ತದೆ. ಆ ಪರದೇಶ ಐಗುಪ್ತ. ಮರು ಅಧ್ಯಾಯದಲ್ಲೇ ಐಗುಪ್ತದ ಹೆಣ್ಣೊಬ್ಬಳು ಅಬ್ರಾಮನ ಗುಡಾರದಲ್ಲಿ ಪರದೇಶಿಯಾಗಿ, ದಾಸಿಯಾಗಿ, ಬಾಧೆ ಪಡುತ್ತಿದ್ದಾಳೆ. ಇದನ್ನು ಹೀಗೆ ಪಕ್ಕಪಕ್ಕ ಇಟ್ಟದ್ದು ಸುಮ್ನೆ ಅಲ್ಲ ಅಂತ ನನ್ನ ನಂಬಿಕೆ.

ಇನ್ನು ‘ಹಿಂದಿರುಗಿ ಹೋಗು’ ಅನ್ನುವುದಕ್ಕೆ ಬೈಬಲ್ ಒಳಗೇ ಉತ್ತರ ಇದೆ. ಧರ್ಮೋಪದೇಶಕಾಂಡ 23:15-16. ಒಡೆಯನಿಂದ ತಪ್ಪಿಸಿಕೊಂಡು ನಿನ್ನ ಬಳಿಗೆ ಬಂದ ದಾಸನನ್ನು ಒಡೆಯನಿಗೆ ಒಪ್ಪಿಸಬೇಡ. ನಿನ್ನ ಊರುಗಳಲ್ಲಿ ಅವನಿಗೆ ಇಷ್ಟವಾದ ಕಡೆ ಇರಲಿ, ಅವನನ್ನು ಪೀಡಿಸಬೇಡ. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ಗೊತ್ತಾ? ಬಾಬಿಲೋನಿನ ಹಮ್ಮುರಬಿಯ ಕಾನೂನಿನಲ್ಲಿ ಓಡಿಬಂದ ದಾಸನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಮರಣದಂಡನೆ. ಸುತ್ತಲ ಲೋಕ ಹಿಡಿದು ಒಪ್ಪಿಸು ಅನ್ನುತ್ತಿದ್ದಾಗ ಮೋಶೆಯ ಧರ್ಮಶಾಸ್ತ್ರ ಒಪ್ಪಿಸಬೇಡ ಅನ್ನುತ್ತದೆ. 9ನೇ ವಚನ ಒಬ್ಬಳಿಗೆ, ಒಂದು ಹೊತ್ತಿನಲ್ಲಿ ಹೇಳಿದ್ದು. ಇದು ಇಡೀ ಜನಾಂಗಕ್ಕೆ ಕೊಟ್ಟ ಕಟ್ಟಳೆ. ನಮ್ಮ ಹತ್ತಿರ ಓಡಿಬಂದವಳ ಬಗ್ಗೆ ನಾವು ಏನು ಮಾಡಬೇಕು ಅನ್ನುವಾಗ ಯಾವುದನ್ನು ತೆಗೆಯಬೇಕು?

ಯಾರಾದರೂ ಪೌಲ ಫಿಲೆಮೋನನಿಗೆ ಬರೆದ ಪತ್ರ ತೆಗೆದು, ಪೌಲನೂ ಫಿಲೆಮೋನನ ದಾಸ ಒನೇಸಿಮನನ್ನು ವಾಪಸ್ ಕಳಿಸಿದ ಅಂದರೆ, ಇಡೀ ಪತ್ರ ಓದಲು ಹೇಳಿ. ಇನ್ನು ಮೇಲೆ ದಾಸನಂತೆ ಅಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ, ಅವನ ಸಾಲ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಅಂತ ಪೌಲ ಒಡೆಯನಿಗೆ ಬರೆಯುತ್ತಾನೆ.

ಸಬ್ಬತ್ತಿನ ಆಜ್ಞೆ ನೋಡಿ. ನಾವು ಅದನ್ನು ನಮ್ಮ ವಿಶ್ರಾಂತಿಯ ಆಜ್ಞೆ ಅಂದುಕೊಂಡಿದ್ದೇವೆ. ಧರ್ಮೋಪದೇಶಕಾಂಡ 5:14ರಲ್ಲಿ ಅದು ಮನೆಯ ಒಡೆಯನನ್ನು ಉದ್ದೇಶಿಸಿ ಹೇಳಿದ್ದು. ನಿನ್ನ ದಾಸ, ನಿನ್ನ ದಾಸಿ, ನಿನ್ನಲ್ಲಿರುವ ಪರದೇಶಿ ಯಾರೂ ಕೆಲಸ ಮಾಡಬಾರದು, ಅವರೂ ನಿನ್ನ ಹಾಗೆಯೇ ವಿಶ್ರಮಿಸಲಿ. ಕಾರಣ 15ನೇ ವಚನದಲ್ಲಿದೆ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ. ಮನೆಕೆಲಸದವಳ ವಾರದ ರಜೆ ಹತ್ತು ಆಜ್ಞೆಗಳ ಒಳಗೇ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಪ್ಪಂದ ಅಂಗೀಕಾರವಾದದ್ದು 2011ರಲ್ಲಿ. ವಾರಕ್ಕೆ ಕನಿಷ್ಠ 24 ಗಂಟೆ ಸತತ ವಿಶ್ರಾಂತಿ, ಪಾಸ್‌ಪೋರ್ಟ್ ಕೆಲಸದವಳ ಕೈಯಲ್ಲೇ ಇರಬೇಕು ಅನ್ನುವ ಹಕ್ಕು, ಎರಡೂ ಅದರಲ್ಲಿವೆ. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ.

ಹಾಂಗ್‌ಕಾಂಗ್‌ನಲ್ಲಿ ವಾರದ ರಜೆ ಕಾನೂನಿನಲ್ಲಿದೆ. ಭಾನುವಾರ ಫಿಲಿಪೀನ್ಸ್‌ನ ಮನೆಕೆಲಸದವರು ಸೆಂಟ್ರಲ್ ಪ್ರದೇಶದ ಬೀದಿ, ಮೇಲ್ಸೇತುವೆಗಳಲ್ಲಿ ರಟ್ಟು ಹಾಸಿಕೊಂಡು ಸಾವಿರಾರು ಜನ ಕೂಡುತ್ತಾರೆ. ಹಾಡು, ಪ್ರಾರ್ಥನೆ, ಊರಿಗೆ ಪೆಟ್ಟಿಗೆ ಕಟ್ಟುವುದು, ಕೆಲಸ ಕಳೆದುಕೊಂಡವಳಿಗೆ ನೆರವು, ಎಲ್ಲ ಅಲ್ಲೇ. ರಜೆ ಸಿಕ್ಕರೆ ಅವರೇ ಸಭೆಯಾಗುತ್ತಾರೆ. ಆದರೆ ರೂತಳ ಬಗ್ಗೆ ಅಕ್ಕ ಹೇಳಿದ್ದು ಅಲ್ಲೂ ನಿಜ. ಎಷ್ಟು ವರ್ಷ ದುಡಿದರೂ ಮನೆಕೆಲಸದವರಿಗೆ ಕಾಯಂ ನೆಲೆಸುವ ಹಕ್ಕಿಲ್ಲ ಅಂತ 2013ರಲ್ಲಿ ಅಲ್ಲಿಯ ಅಂತಿಮ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಫಿಲಿಪೀನ್ಸ್‌ನ ಅಧ್ಯಕ್ಷೆ ಕೊರಜಾನ್ ಅಕಿನೊ ಹಾಂಗ್‌ಕಾಂಗ್‌ನ ಈ ಹೆಂಗಸರನ್ನು ಹೊಸ ವೀರರು ಅಂತ ಕರೆದದ್ದು 1988ರಲ್ಲಿ. ಹೊಗಳಿಕೆ ಬೇಗ ಸಿಗುತ್ತದೆ, ಹಕ್ಕು ಸಿಗುವುದಿಲ್ಲ. ತ್ಯಾಗದ ಮಾತಿನ ಬಗ್ಗೆ ಮೇಲಿನ ಸಹೋದರಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಮಣ್ಣಿನ ಹಣತೆ

ಮರಳಿ ಬಂದವಳು ಸಿಸ್ಟರ್, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಶಿಲುಬೆಯ ಮಾತನ್ನು ನಾನು ಬಿಡಲಾರೆ, ನನ್ನ ನಂಬಿಕೆ ಅಲ್ಲಿದೆ. ಆದರೆ ಶಿಲುಬೆಗೆ ಹಾಕಿದವರು ಯಾರು ಅಂತ ಕೇಳದೆ ಅದನ್ನು ಹೇಳಬಾರದು ಅನ್ನುವುದು ಅರ್ಥವಾಯಿತು. ಆ ತಂಗಿ ಈಗ ಏನು ಮಾಡಬೇಕು ಅಂತ ಯಾರಾದರೂ ಹೇಳಿ.

ಮರಳಿ ಬಂದವಳು

ಅವಳು ಸುಮ್ನೆ ಗೇಟು ದಾಟುವುದು ಬೇಡ. ಮೊದಲು ಪಾಸ್‌ಪೋರ್ಟ್, ವೀಸಾ, ಇಕಾಮಾ (ಅಲ್ಲಿ ಇರಲು ಕೊಡುವ ಪರವಾನಗಿ) ಇವುಗಳ ಫೋಟೋ ಊರಿನವರ ಹತ್ತಿರ ಇರಲಿ. ಮನೆ ಎಲ್ಲಿದೆ ಅಂತ ಫೋನಿನ ಲೊಕೇಶನ್ ಕಳಿಸಲಿ. ಯಾವ ತಿಂಗಳ ಸಂಬಳ ಬಂದಿಲ್ಲ ಅಂತ ಬರೆದಿಡಲಿ, ಏಟಿನ ಗುರುತಿದ್ದರೆ ಫೋಟೋ ತೆಗೆಯಲಿ. ಊರಿನಿಂದ ಅಕ್ಕನೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಎಂಬಸಿಗೂ ಬರೆಯಬಹುದು. ಹೊರಡಲೇಬೇಕಾಗಿ ಬಂದರೆ ನೇರ ಎಂಬಸಿಗೇ ಹೋಗಲಿ. ಬೇರೆ ಮನೆಯಲ್ಲಿ ಕೆಲಸ ಕೊಡಿಸುತ್ತೇನೆ ಅನ್ನುವವರ ಗಾಡಿ ಮಾತ್ರ ಹತ್ತಬೇಡ ಅನ್ನಿ. ಅದರಲ್ಲಿ ಕಳೆದುಹೋದವರನ್ನು ನಾನು ಬಲ್ಲೆ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಇದ್ಯಾವುದಕ್ಕೂ ಕಾಯುವುದು ಬೇಡ, ಅಲ್ಲಿಯ ಪೊಲೀಸರಿಗೇ ಫೋನ್ ಮಾಡಲಿ.

ವಚನ ಓದುಗಿ

ಎಲ್ಲರಿಗೂ ವಂದನೆ. ದೂರು ದಾಖಲಿಸುವ ಕೆಲಸಕ್ಕೆ ಆ ಅಕ್ಕನ ಜೊತೆ ನಾನೇ ಇವತ್ತು ಸಂಜೆ ಕೂರುತ್ತೇನೆ. ಓದು ಆಮೇಲೆ.

ಓದಿನ ಬಗ್ಗೆ ನನಗೆ ಈಗ ಒಂದು ಸ್ಪಷ್ಟವಾಗಿದೆ. ಇಷ್ಟು ದಿನ ನಾವು ಹಾಗರಳಿಗೆ ಏನು ಹೇಳಬೇಕು ಅಂತಲೇ ಯೋಚಿಸುತ್ತಿದ್ದೆವು. ಗುಂಪಿನಲ್ಲಿ ಕೂರುವ ಹೆಚ್ಚಿನವರು ಮನೆಗೆಲಸಕ್ಕೆ ಜನ ಇಟ್ಟುಕೊಂಡವರು, ಸಾರಯಳ ಜಾಗದಲ್ಲಿ ಇರುವವರು. 16ನೇ ಅಧ್ಯಾಯವನ್ನು ಅವರಿಗೆ ಓದಿ ಹೇಳಬೇಕು. ಮೊದಲು 15:13, ಆಮೇಲೆ 16 ಪೂರ್ತಿ, 21, ಕೊನೆಗೆ ಧರ್ಮೋಪದೇಶಕಾಂಡದ ಆ ಎರಡು ಭಾಗ. 9ನೇ ವಚನ ಓದಿದ ಹಿರಿಯರನ್ನೂ ಕರೆಯುತ್ತೇನೆ, ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಮರಳಿ ಬಂದವಳು ಅವರೇ, ನೀವು ಬಂದು ಮಾತಾಡುತ್ತೀರಾ? ಫೋನ್ ಮೂಲಕವಾದರೂ ಸರಿ.

ಮರಳಿ ಬಂದವಳು

ಬರುತ್ತೇನೆ ಅಕ್ಕ. ಆದರೆ ಸಾಕ್ಷಿ ಹೇಳಲು ಅಂತ ಕರೆಯಬೇಡಿ. ಸಾಕ್ಷಿ ಅಂದರೆ ಕೊನೆಗೆ ಎಲ್ಲ ಒಳ್ಳೆಯದಾಯಿತು ಅಂತ ಮುಗಿಸಬೇಕು. ನನ್ನ ಬಾಕಿ ಸಂಬಳ ಇನ್ನೂ ಬಂದಿಲ್ಲ, ಮಗ ನನ್ನ ಜೊತೆ ಜಾಸ್ತಿ ಮಾತಾಡುವುದೂ ಇಲ್ಲ. ಎರಡು ಅಧ್ಯಾಯವನ್ನೂ ನಾನೇ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಅವರು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನಿಮ್ಮ ಮನೆಗಳಲ್ಲಿ ಕೆಲಸ ಮಾಡುವವರನ್ನೂ ಅವತ್ತು ಕರೆಯಿರಿ, ಆ ದಿನದ ಸಂಬಳ ಕತ್ತರಿಸದೆ. ದಿನ, ಸಮಯ ಮೆಸೇಜ್ ಮಾಡಿ.